ಬೆಂಕಿ ದಾಟದ ಅಟ್ಟಿ

"ನಿಂಬೆಹಣ್ಣಾ?" ಎಂದು ಇನ್‌ಸ್ಪೆಕ್ಟರ್ ಕೇಳಿದ ಧಾಟಿಗೆ, ನಾನು ತನಿಖೆಗೆ ಬಂದವಳೋ ಶರಬತ್ತು ಮಾಡಲು ಬಂದವಳೋ ಎಂದು ಯಾರಿಗಾದರೂ ಅನುಮಾನ ಬರಬೇಕು.

ಹೌದು, ನಿಂಬೆಹಣ್ಣೇ ಎಂದು ಹೇಳಿ ಭಾವನ ಕಡೆ ಕೈ ಚಾಚಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನನ್ನ ಕಾರು ಓಡಿಸುವವರು, ನನ್ನ ಚೀಲ ಹೊರುವವರು, ನನ್ನ ಪ್ರತಿಯೊಂದು ತೀರ್ಮಾನಕ್ಕೂ ಮೂಗು ಮುರಿಯುವವರು. ತಿರುವಿನ ರಸ್ತೆಯಲ್ಲಿ ತಮ್ಮ ಡ್ರೈವಿಂಗಿಗೆ ತಮಗೇ ತಲೆ ಸುತ್ತುತ್ತದೆಂದು ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇಟ್ಟುಕೊಂಡು ಮೂಸುತ್ತಿರುತ್ತಾರೆ. ಅದನ್ನು ಬಿಟ್ಟುಕೊಡಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ವಾಪಸ್ ಹೋಗುವಾಗ ತಮಗೇನಾದರೂ ಆದರೆ ಅಕ್ಕನಿಗೆ ನೀನೇ ಉತ್ತರ ಹೇಳಬೇಕು ಎಂದು ಗೊಣಗುತ್ತಲೇ ಕೊಟ್ಟರು.

ಗೊಬ್ಬರದ ಕಾರ್ಖಾನೆಯ ಗೋದಾಮಿಗೆ ಹಾಡಹಗಲೇ ಬೆಂಕಿ ಬಿದ್ದು, ಆ ತಪ್ಪನ್ನು ಅಲ್ಲಿನ ರಸಾಯನ ವಿಭಾಗದ ಮುಖ್ಯಸ್ಥೆಯ ತಲೆಗೆ ಕಟ್ಟಿದ್ದರು. ಮಧ್ಯಾಹ್ನದೊಳಗೆ ನಾನು ಬೇರೆ ಏನಾದರೂ ತೋರಿಸದಿದ್ದರೆ ಇನ್‌ಸ್ಪೆಕ್ಟರ್ ಆಕೆಯನ್ನು ಜೀಪು ಹತ್ತಿಸುವವರಿದ್ದರು.

ಆಕೆ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಪುಡಿ ಮೇಡಂ ಎಂದು. ಗೊಬ್ಬರಕ್ಕೆ ಸುಣ್ಣಕಲ್ಲಿನ ಪುಡಿ ಬೆರೆಸಿದರೆ ಅದು ಸಾಧುವಾಗುತ್ತದೆ ಎಂದು ಹೇಳಿ ಹೇಳಿ ಬಂದ ಹೆಸರು. ಎತ್ತರದ ಹೆಂಗಸೇನಲ್ಲ. ಬಲಗೈ ಭುಜ ಬಿಗಿದುಕೊಂಡಿದ್ದು, ಕೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಕಪಾಟಿನ ಮೇಲಿನ ಗಾಜಿನ ಭರಣಿಯನ್ನು ಭಾವನೇ ಇಳಿಸಿಕೊಡಬೇಕಾಯಿತು.

"ಕತ್ತರಿಸಿ ಭಾವ," ಎಂದೆ. ಭಾವ ತಮ್ಮ ಚಾಕುವಿನಿಂದ ಹಣ್ಣನ್ನು ಎರಡು ಹೋಳು ಮಾಡಿದರು. ಮುಖ ನೋಡಿದರೆ ಆಸ್ತಿ ಪಾಲು ಮಾಡಿಕೊಟ್ಟ ಹಾಗಿತ್ತು.

ಗೋದಾಮು ಉದ್ದನೆಯದು. ಕಂಬಗಳ ನಡುವಿನ ಜಾಗವನ್ನು ಇಲ್ಲಿಯವರು ಅಂಕಣ ಎನ್ನುತ್ತಾರೆ. ದೊಡ್ಡ ದಾಸ್ತಾನೆಲ್ಲ ಬೆಂಕಿಗೆ ಮೊದಲೇ ರೈಲು ಹತ್ತಿ ಹೋಗಿತ್ತು, ಅದೊಂದು ಪುಣ್ಯ. ಉಳಿದದ್ದು ಒಂದರ ಮೇಲೊಂದು ಪೇರಿಸಿದ ಚೀಲಗಳ ಎರಡು ಅಟ್ಟಿ, ಎರಡೂ ಒಂದೇ ಅಳತೆಯವು. ಬಾಗಿಲ ಪಕ್ಕದ ಅಂಕಣದಲ್ಲಿ ಒಂದು, ಒಳಗೋಡೆಯ ಪಕ್ಕದ ಅಂಕಣದಲ್ಲಿ ಒಂದು.

ಎರಡೂ ಪುಡಿ ಮೇಡಂ ಪರೀಕ್ಷೆಗೆಂದು ಇಟ್ಟವು. ಒಂದು ಸಾದಾ ನೈಟ್ರೇಟ್ ಗೊಬ್ಬರ. ಇನ್ನೊಂದು ಅದೇ ಗೊಬ್ಬರ, ಆದರೆ ಸುಣ್ಣಕಲ್ಲಿನ ಪುಡಿ ಸೇರಿಸಿ ಕಾಳು ಕಟ್ಟಿದ್ದು. ಹೊತ್ತು ಏರಿ ಇಳಿಯುವ ಬಿಸಿಗೆ ಯಾವುದು ಗಡ್ಡೆ ಕಟ್ಟುತ್ತದೆ, ಯಾವುದು ಉದುರುತ್ತದೆ, ಯಾವುದು ಇಟ್ಟಂತೆ ಇರುತ್ತದೆ ಎಂದು ನೋಡುವುದು ಅವರ ಉದ್ದೇಶ.

ಚೀಲ ಎರಡಕ್ಕೂ ಒಂದೇ ಬಗೆಯದು. ಗುರುತಿಗೆ ಇದ್ದದ್ದು ಕಂಬಕ್ಕೆ ನೇತುಹಾಕಿದ ಹಲಗೆ ಮಾತ್ರ. ಬಾಗಿಲ ಕಡೆ 'ಕಲ್ಲು', ಗೋಡೆ ಕಡೆ 'ಸಾದಾ'. ಇಡೀ ಕಾರ್ಖಾನೆ ಹಲಗೆ ನೋಡಿ ಕೆಲಸ ಮಾಡುತ್ತದೆ. ಚೀಲ ಬಿಚ್ಚಿ ನೋಡುವ ಅಭ್ಯಾಸ ಮೇಡಂ ಒಬ್ಬರನ್ನು ಬಿಟ್ಟರೆ ಯಾರಿಗೂ ಇಲ್ಲ.

ಬೆಂಕಿ ಬಿದ್ದದ್ದು ಬಾಗಿಲ ಕಡೆ. ಹಲಗೆಯ ಪ್ರಕಾರ ಸುಟ್ಟುಹೋದದ್ದು ಕಲ್ಲು ಬೆರೆತ ಗೊಬ್ಬರ. ಅಂದಮೇಲೆ ಮೇಡಂ ಹೇಳಿಕೊಂಡು ಬಂದದ್ದೆಲ್ಲ ಬುರುಡೆ, ಅವರ ಪುಡಿಯೇ ಬೆಂಕಿಗೆ ಕಾರಣ ಎಂದು ಮ್ಯಾನೇಜರ್ ವರದಿ ಬರೆದು ಮುಗಿಸಿದ್ದರು. ಅಚ್ಚುಕಟ್ಟಾದ ಮನುಷ್ಯ. ಸುಟ್ಟ ಗೋದಾಮಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಬಾಗಿಲ ಕಡೆಯ ಅಂಕಣದಲ್ಲಿ ನೋಡಲು ಏನೂ ಉಳಿದಿರಲಿಲ್ಲ. ತಗಡಿನ ಛಾವಣಿ ಮುದುಡಿ ಕೆಳಗೆ ಜೋತುಬಿದ್ದಿತ್ತು. ಕಬ್ಬಿಣದ ಕಂಬ ಸೊಂಟ ಬಾಗಿಸಿತ್ತು. ಗೊಬ್ಬರ ಕರಗಿ ಮೋರಿಯ ಉದ್ದಕ್ಕೂ ಹರಿದು ಕಂದು ಗಾಜಿನಂತೆ ಹೆಪ್ಪುಗಟ್ಟಿತ್ತು. ನಾನು ಬೂದಿ ಓದಿ ಹೊಟ್ಟೆ ಹೊರೆಯುವವಳು. ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಗೋಡೆಯ ಕಡೆ ತಿರುಗಿದಾಗ ಮಾತ್ರ ಕಾಲು ತಾನಾಗಿ ನಿಂತಿತು.

ಅಟ್ಟಿ ಹಾಗೇ ನಿಂತಿತ್ತು. ನನ್ನ ತಲೆಗಿಂತ ಎತ್ತರ. ಬೆಂಕಿಗೆ ಮುಖ ಕೊಟ್ಟಿದ್ದ ಕಡೆ ಚೀಲಗಳು ಸುಕ್ಕಾಗಿ ಹರಿದು, ಒಳಗಿನ ಕಾಳು ಬೆರಳು ದಪ್ಪದ ಹಕ್ಕಳೆ ಕಟ್ಟಿಕೊಂಡಿತ್ತು. ಅಷ್ಟೇ. ಹಕ್ಕಳೆಯ ಹಿಂದೆ ಕಾಳು ಬಿಡಿಬಿಡಿಯಾಗಿ ತಣ್ಣಗಿತ್ತು. ಕಬ್ಬಿಣ ಬಗ್ಗಿಸಿದ ಬೆಂಕಿ ಇಲ್ಲಿಯವರೆಗೆ ಬಂದು, ಈ ಬೂದುಬಣ್ಣದ ರಾಶಿಯನ್ನು ಮುಟ್ಟಿ, ಮುಂದಕ್ಕೆ ದಾರಿಯಿಲ್ಲದೆ ನಿಂತಿತ್ತು.

ಆ ಗೋಡೆಯ ಆಚೆ ಕಾರ್ಖಾನೆಯ ಶಿಶುವಿಹಾರವಿದೆ. ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಜಾಗ. ಬೆಂಕಿ ಹೊತ್ತಿಕೊಂಡಾಗ ಮಕ್ಕಳೆಲ್ಲ ಊಟ ಮುಗಿಸಿ ಮಲಗಿದ್ದವಂತೆ. ಆಯಾ ಹೊಗೆ ನೋಡಿ ಒಂದೊಂದನ್ನೇ ಎತ್ತಿಕೊಂಡು ಹೊರಗೆ ತರುವಷ್ಟು ಹೊತ್ತೂ ಗೋಡೆ ಬಿಸಿಯಾಗಲಿಲ್ಲವಂತೆ. ಬೆಳಿಗ್ಗೆ ನಾನೇ ಹೋಗಿ ಅಂಗೈ ಇಟ್ಟು ನೋಡಿದ್ದೆ. ಬಣ್ಣ ಗುಳ್ಳೆಯೆದ್ದಿರಲಿಲ್ಲ. ಯಾವುದೋ ಮಗು ಮೇಣದ ಬಳಪದಲ್ಲಿ ಗೀಚಿದ ಬೆಕ್ಕಿನ ಚಿತ್ರದ ಒಂದು ಮೀಸೆಯೂ ಕರಗಿರಲಿಲ್ಲ.

ಪುಡಿ ಮೇಡಂ ಅವರ ಪುಟ್ಟ ಮಗಳೂ ದಿನಾ ಬರುವುದು ಅಲ್ಲಿಗೇ. ಬೆಂಕಿಯ ದಿನ ಅವಳೂ ಇಲ್ಲೇ ಇದ್ದಳಾ ಎಂದು ಆಗ ಮೇಡಂ ಅವರನ್ನು ಕೇಳಿದ್ದೆ. ಅವತ್ತು ಇರಲಿಲ್ಲ, ಹಣೆ ಬೆಚ್ಚಗಿದೆ ಎಂದು ನಮ್ಮಪ್ಪ ಮನೆಯಲ್ಲೇ ಇಟ್ಟುಕೊಂಡಿದ್ದರು ಎಂದಿದ್ದರು. ಸದ್ಯ ಎಂದು ನಾನೂ ಉಸಿರು ಬಿಟ್ಟಿದ್ದೆ.

ಈಗ ಅಟ್ಟಿಯ ಮುಂದೆ ನಿಂತು ಹಕ್ಕಳೆಯ ಮೇಲೆ ಬೆರಳಾಡಿಸಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಬೆಂಕಿ ಎಲ್ಲಿ ಶುರುವಾಯಿತು ಎಂದು ಹುಡುಕಿದ್ದೇನೆಯೇ ಹೊರತು, ಹೀಗೆ ಎಲ್ಲಿ ಮನಸ್ಸು ಬದಲಿಸಿತು ಎಂದು ನೋಡಿದ್ದು ಇದೇ ಮೊದಲು. ಭಾವ ಕೂಡ ತುಟಿಪಿಟಕ್ಕೆನ್ನದೆ ನಿಂತಿದ್ದರು. ಅದು ಇನ್ನೂ ದೊಡ್ಡ ಆಶ್ಚರ್ಯ.

"ನೋಡಿದ್ರಲ್ಲ, ಸಾದಾ ಗೊಬ್ಬರಕ್ಕೆ ಏನೂ ಆಗಿಲ್ಲ. ಮೇಡಂ ಕೈ ಹಾಕಿದ್ದು ಮಾತ್ರ ಭಸ್ಮ," ಎಂದರು ಮ್ಯಾನೇಜರ್.

ಪುಡಿ ಮೇಡಂ ತಲೆ ತಗ್ಗಿಸಿದರು. ತಮ್ಮ ಪುಡಿ ಸೋತಿತೆಂದು ಅವರಿಗೇ ಅನ್ನಿಸಿದಂತಿತ್ತು. ಬೆಂಕಿಯಾದ ದಿನದಿಂದ ಇವತ್ತಿನವರೆಗೆ ಅವರನ್ನು ಗೋದಾಮಿನ ಒಳಗೆ ಬಿಟ್ಟಿರಲಿಲ್ಲ.

ಬಾಗಿಲ ಕಡೆ ಬಿದ್ದ ತಗಡಿನ ಅಡಿಯಲ್ಲಿ ಅರ್ಧ ಸುಟ್ಟ ಒಂದು ಚೀಲವನ್ನು ನಾನು ಆಗಲೇ ಗುರುತಿಸಿಟ್ಟಿದ್ದೆ. ಅದರಿಂದ ಒಂದು ಹಿಡಿ ಕಾಳು ತಂದು ಬಿಳಿ ತಟ್ಟೆಯ ಒಂದು ಬದಿಗೆ ಸುರಿದೆ. ಇನ್ನೊಂದು ಬದಿಗೆ ಗೋಡೆ ಕಡೆಯ ಅಟ್ಟಿಯದು ಬೇಕಿತ್ತು. ಚೀಲದ ಬಾಯಿ ಬಿಚ್ಚೋಣವೆಂದು ಅಟ್ಟಿಯ ಸುತ್ತ ಕೈಯಾಡಿಸಿದೆ. ಒಂದು ಚೀಲದ ಹೊಲಿಗೆಯೂ ಸಿಗಲಿಲ್ಲ. ಎಲ್ಲ ಬಾಯಿಗಳೂ ಒಳಮುಖವಾಗಿದ್ದವು. ಕೊನೆಗೆ ಭಾವ ಒಂದು ಚೀಲದ ಹೊಟ್ಟೆಗೇ ಚಾಕು ಹಾಕಿದರು.

ಬಾಗಿಲ ಕಡೆಯ ಕಾಳಿನ ಮೇಲೆ ನಿಂಬೆ ಹಿಂಡಿದೆ. ಕಾಳು ಒದ್ದೆಯಾಯಿತು. ಮತ್ತೇನೂ ಆಗಲಿಲ್ಲ.

ಗೋಡೆ ಕಡೆಯ ಕಾಳಿನ ಮೇಲೆ ಹಿಂಡಿದೆ. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಸಣ್ಣಗೆ ಸರ್ರೆಂದು ಸದ್ದು ಮಾಡುತ್ತ ಕಾಳಿನ ಮೈತುಂಬ ಬಿಳಿ ನೊರೆ ಎದ್ದಿತು.

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಟ್ಟೆಯ ಮೇಲೆ ಬಗ್ಗಿದರು. ಪುಡಿ ಮೇಡಂ ಕಂಬ ಬಿಟ್ಟು ಹತ್ತಿರ ಬಂದರು. ಅವರ ಕಣ್ಣು ತುಂಬಿಕೊಂಡಿದ್ದು ಹೊಗೆಯ ವಾಸನೆಗಲ್ಲ.

"ಇದು ಕಲ್ಲು," ಎಂದರು, ತಮಗೇ ಹೇಳಿಕೊಳ್ಳುವಂತೆ. "ನಿಂತಿರೋದು ನನ್ನ ಅಟ್ಟಿ."

"ಸ್ವಲ್ಪ ನಮಗೆ ಅರ್ಥ ಆಗೋ ಹಾಗೆ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಸಾದಾ ಗೊಬ್ಬರ ತುಂಬ ಕಾದಾಗ ಹುಳಿ ಬಿಡುತ್ತೆ ಸಾರ್. ಆ ಹುಳಿ ಪಕ್ಕದ ಕಾಳನ್ನ ಕೆರಳಿಸುತ್ತೆ. ಅದು ಇನ್ನಷ್ಟು ಹುಳಿ ಬಿಡುತ್ತೆ. ಹಾಗೇ ಏರ್ತಾ ಹೋಗುತ್ತೆ. ನಡುವೆ ಕಲ್ಲಿನ ಪುಡಿ ಇದ್ರೆ ಬಿಟ್ಟ ಹುಳಿಯನ್ನ ಅದು ಅಲ್ಲೇ ಕುಡಿದ್ಬಿಡುತ್ತೆ. ಕೆರಳಿದ್ದು ಮುಂದಕ್ಕೆ ದಾಟಲ್ಲ. ಇಲ್ಲಿ ನಿಂಬೆಹುಳಿ ಕುಡೀತಲ್ಲ, ಅವತ್ತು ಬೆಂಕಿಯಲ್ಲೂ ಇದನ್ನೇ ಮಾಡಿದೆ."

ಹೊಲಕ್ಕೆ ಇದರಿಂದ ಏನೂ ನಷ್ಟವಿಲ್ಲ, ಹುಳಿಮಣ್ಣಿಗಂತೂ ಒಳ್ಳೆಯದೇ, ಪೈರಿಗೆ ಸಿಗಬೇಕಾದ ಸಾರಜನಕ ಸಿಕ್ಕೇ ಸಿಗುತ್ತದೆ ಎಂದೆಲ್ಲ ಮುಂದುವರಿಸಿದರು. ಯಾರೂ ನಂಬದಿದ್ದಾಗ ಎಷ್ಟು ಸಲ ಹೇಳಿಕೊಂಡಿದ್ದರೋ, ಮಾತು ಬಾಯಿಪಾಠವಾಗಿತ್ತು. ಒಂದು ಬಡಪಾಯಿ ಕಲ್ಲಿನ ಪುಡಿ, ಗೋಡೆಗೆ ಬಳಿಯುವಂಥದ್ದು, ಅಷ್ಟು ದೊಡ್ಡ ಬೆಂಕಿಯ ಕಿವಿ ಹಿಂಡಿ ಕೂರಿಸಿತ್ತು.

ಭಾವ ತಟ್ಟೆಯಲ್ಲಿ ಉಳಿದ ನಿಂಬೆ ಹೋಳನ್ನು ನೋಡುತ್ತ, ಇದು ನನ್ನದು ಎಂದು ಇನ್‌ಸ್ಪೆಕ್ಟರಿಗೆ ತಿಳಿಸಿದರು. ಸಾಕ್ಷ್ಯದಲ್ಲಿ ತಮ್ಮ ಹೆಸರೂ ಬರಲಿ ಎಂಬ ಆಸೆ.

ಹಾಗಾದರೆ ಮೇಡಂ ತಪ್ಪಿಲ್ಲ. ಸುಟ್ಟದ್ದು ಸಾದಾ ಗೊಬ್ಬರ, ಉಳಿದದ್ದು ಕಲ್ಲಿನದು. ಹಲಗೆಗಳು ಮಾತ್ರ ಇದ್ದಲ್ಲೇ ಇವೆ, ಚೀಲಗಳು ಅದಲುಬದಲಾಗಿವೆ. ಇಷ್ಟನ್ನು ನಾನು ಹೇಳಿ ಮುಗಿಸಿದಾಗ ಮ್ಯಾನೇಜರರ ಬಿಳಿ ಅಂಗಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ.

ಆದರೆ ಇನ್‌ಸ್ಪೆಕ್ಟರ್ ದಡ್ಡರಲ್ಲ. ಟೋಪಿ ಮತ್ತೆ ತಲೆಗೇರಿತು.

"ಸರಿ. ಚೀಲ ತಾವಾಗಿ ನಡ್ಕೊಂಡು ಹೋಗಲ್ಲ. ಅದಲುಬದಲು ಮಾಡಿದ್ದು ಯಾರು? ಯಾಕಂದ್ರೆ ಅವನಿಗೆ ಬೆಂಕಿ ಬೀಳುತ್ತೆ ಅಂತ ಮೊದಲೇ ಗೊತ್ತಿತ್ತು."

ಈ ಪ್ರಶ್ನೆ ನನ್ನ ತಲೆಯಲ್ಲೂ ಆಗಲೇ ಕೊರೆಯುತ್ತಿತ್ತು. ಕಲ್ಲಿನ ಅಟ್ಟಿಯನ್ನು ತಂದು ಮಕ್ಕಳ ಗೋಡೆಗೆ ಒತ್ತಿ ನಿಲ್ಲಿಸಿದವನು ಮಕ್ಕಳನ್ನು ಉಳಿಸಿದ. ಸಾದಾ ಗೊಬ್ಬರವನ್ನು ಬಾಗಿಲಿಗೆ ಒಯ್ದು 'ಕಲ್ಲು' ಎಂಬ ಹಲಗೆಯಡಿ ಇಟ್ಟವನು ಮೇಡಂ ಹೆಸರಿಗೆ ಬೆಂಕಿ ಹಚ್ಚಿದ. ಎರಡನ್ನೂ ಮಾಡಿದ್ದು ಒಂದೇ ಜೋಡಿ ಕೈ. ಬೆಂಕಿಯ ಹಿಂದಿನ ದಿನ ವಾರದ ರಜೆ. ಒಂದು ತಳ್ಳುಗಾಡಿ, ಗಟ್ಟಿ ರಟ್ಟೆ, ಇಡೀ ಹಗಲು ಇದ್ದರೆ ಒಬ್ಬನೇ ಮಾಡಬಹುದಾದ ಕೆಲಸ.

ಇಲ್ಲಿ ಚೀಲದ ಬಾಯಿ ಯಾವ ಕಡೆಗೆ ಇಡುತ್ತೀರಿ ಎಂದು ಮ್ಯಾನೇಜರನ್ನು ಕೇಳಿದೆ.

ಹೊರಗಡೆಗೆ, ಎಂದರು ಅವರು. ಮಾದರಿ ತೆಗೆಯಲು ಸುಲಭವಾಗಲೆಂದು ಮೇಡಂ ಬಂದ ಮೇಲೆ ಮಾಡಿದ ನಿಯಮವಂತೆ. ಮಾತು ಮುಗಿಸುವ ಮುಂಚೆಯೇ ಅವರ ಕಣ್ಣು ಅಟ್ಟಿಯ ಕಡೆ ಹೊರಳಿತು. ಮುಖಕ್ಕೆ ಬಣ್ಣ ಮರಳಿ ಬಂತು.

"ಬಾಯಿ ಒಳಗಿಟ್ಟು ಕಟ್ಟೋರು ಇಲ್ಲಿ ಒಬ್ರೇ ಇದ್ದಿದ್ದು," ಎಂದರು. "ಹೊಲಿಗೆ ಬಿಚ್ಚಿದ್ರೂ ಒಂದು ಕಾಳು ಹೊರಗೆ ಬೀಳಬಾರದು ಅಂತ ಅವರ ಹಟ. ಯಾರು ಹೇಳಿದ್ರೂ ಬದಲಾಯಿಸ್ಲಿಲ್ಲ. ದೊಡ್ಡ ಮೇಸ್ತ್ರಿ. ಈಗ ರಿಟೈರ್ ಆಗಿದಾರೆ. ಆದ್ರೂ ಗೇಟಲ್ಲಿ ಅವರನ್ನ ಯಾರೂ ತಡೆಯಲ್ಲ."

ಒಂದು ಉಸಿರು ಎಳೆದುಕೊಂಡು ಸೇರಿಸಿದರು. "ಮೇಡಂ ಅವರ ತಂದೆ."

ಮಗಳನ್ನು ಬಿಡಿಸಿದ ಸಾಕ್ಷಿಯೇ ಅಪ್ಪನ ಕೈಗೆ ಬೇಡಿಯಾಗಿತ್ತು. ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟವಳು ನಾನು.

ಪುಡಿ ಮೇಡಂ ಅಟ್ಟಿಯ ಹತ್ತಿರ ಹೋದರು. ಒಂದು ಚೀಲದ ಮೇಲೆ ಎಡಗೈ ಇಟ್ಟರು. ಇತ್ತ ತಿರುಗಿದಾಗ ಕಣ್ಣೀರು ಒಣಗಿತ್ತು.

"ಅಪ್ಪನಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಕಟ್ಟೋ ರೀತಿ ನನಗೂ ಗೊತ್ತು, ಚಿಕ್ಕಂದಿನಿಂದ ನೋಡಿದೀನಿ. ಈ ಅಟ್ಟಿ ಕಟ್ಟಿದ್ದು ನಾನೇ. ಬೆಂಕಿ ಇಟ್ಟಿದ್ದೂ ನಾನೇ. ಬರ್ಕೊಳ್ಳಿ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಭಾವ ನನ್ನ ಮುಖ ನೋಡಿದರು. ನಾನು ಅಟ್ಟಿಯ ತುದಿ ನೋಡಿದೆ, ಆಮೇಲೆ ಮೇಡಂ ಬಲಭುಜ ನೋಡಿದೆ. ಗಾಜಿನ ಭರಣಿ ಇಳಿಸಲಾಗದ ಕೈ ನನ್ನ ತಲೆಗಿಂತ ಎತ್ತರಕ್ಕೆ ಚೀಲ ಏರಿಸಿತೆಂದರೆ ಯಾರು ನಂಬುತ್ತಾರೆ? ಇದನ್ನು ಬಾಯಿಬಿಟ್ಟು ಹೇಳಬೇಕಾದವಳು ನಾನೇ. ಹೇಳಿದರೆ ಜೀಪು ಅಪ್ಪನ ಮನೆಗೆ ಹೋಗುತ್ತದೆ. ಹೇಳದಿದ್ದರೆ ಮಾಡದ ತಪ್ಪಿಗೆ ಈಕೆ ಜೀಪು ಹತ್ತುತ್ತಾರೆ. ನಾಲಿಗೆ ತುದಿಗೆ ಬಂದ ಮಾತನ್ನು ಹಿಡಿದು ನಿಂತೆ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಒಬ್ಬ ಮುದುಕರು. ಅಗಲ ಭುಜ, ಕೈಯಲ್ಲಿ ಊಟದ ಡಬ್ಬಿ. ಮಗಳಿಗೆ ಮಧ್ಯಾಹ್ನದ ಊಟ ತಂದಿದ್ದರು. ಕಾವಲಿದ್ದ ಪೊಲೀಸಿನವನಿಗೂ ಅವರನ್ನು ತಡೆಯಬೇಕೆನಿಸಿರಲಿಲ್ಲ. ಬಾಗಿದ ಕಂಬದ ಪಕ್ಕ ಹಾದು, ಮೋರಿ ದಾಟಿ ನೆಟ್ಟಗೆ ಅಟ್ಟಿಯ ಹತ್ತಿರ ಬಂದರು. ಭಾವ ಹೊಟ್ಟೆ ಸೀಳಿದ ಚೀಲ ಸ್ವಲ್ಪ ಹೊರಗೆ ಜಾರಿ ಓರೆಯಾಗಿತ್ತು. ಡಬ್ಬಿಯನ್ನು ಕೆಳಗಿಟ್ಟು, ಆ ಚೀಲವನ್ನು ಎರಡೂ ಕೈಯಿಂದ ತಬ್ಬಿ ತಿರುಗಿಸಿ, ಬಾಯಿ ಒಳಕ್ಕೆ ಮಾಡಿ ಮಂಡಿಯಿಂದ ಒತ್ತಿ ಕೂರಿಸಿದರು. ಅಟ್ಟಿ ಮತ್ತೆ ನೇರವಾಯಿತು.

ಇನ್‌ಸ್ಪೆಕ್ಟರರ ಪೆನ್ನು ನಿಂತಿತು.

"ಅಪ್ಪ, ಮನೆಗೆ ಹೋಗಿ," ಎಂದರು ಪುಡಿ ಮೇಡಂ.

"ಹೋಗ್ತೀನಿ ಮಗಳೇ. ನೀನು ಹೇಳಿದ್ದು ಬಾಗಿಲಿಗೇ ಕೇಳಿಸ್ತು," ಎಂದರು ದೊಡ್ಡ ಮೇಸ್ತ್ರಿ. ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಅವಳಿಗೆ ಅಟ್ಟಿ ಕಟ್ಟೋಕೆ ಬರಲ್ಲ ಸಾರ್. ಕಟ್ಟಿದ್ದು ನಾನು. ಕಟ್ಟಿದ್ದು ಮಾತ್ರ. ಬೆಂಕಿ ವಿಷಯ ನನಗೆ ಗೊತ್ತಿಲ್ಲ."

ಬೆಂಕಿ ಬೀಳುತ್ತದೆಂದು ಗೊತ್ತಿಲ್ಲದೆ ಯಾರಾದರೂ ರಜೆಯ ದಿನ ಬಂದು ಇಷ್ಟು ಚೀಲ ಹೊರುತ್ತಾರಾ ಎಂದು ಇನ್‌ಸ್ಪೆಕ್ಟರ್ ಗದರಿದರು. ಹಲಗೆಗಳನ್ನು ಯಾಕೆ ಬದಲಿಸಲಿಲ್ಲ ಎಂದೂ ಕೇಳಿದರು. ಓದು ಬಾರದು, ಕೈಗೆ ತೂಕ ಸಿಕ್ಕರೆ ಸಾಕು, ಕಲ್ಲಿನ ಚೀಲ ಯಾವುದೆಂದು ಎತ್ತಿದರೇ ತಿಳಿಯುತ್ತದೆ, ಹಲಗೆಯ ಯೋಚನೆಯೇ ಬರಲಿಲ್ಲ ಎಂದರು ಮೇಸ್ತ್ರಿ. ಆ ಸಾದಾ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದ ಆ ಮುದುಕರನ್ನು ನೋಡಿದರೆ ಕಾಲಿಗೆ ಬೀಳಬೇಕೆನಿಸಿತು. ಅಷ್ಟು ಮಕ್ಕಳ ಪ್ರಾಣ ಆ ರಟ್ಟೆಯ ಮೇಲೆ ನಿಂತಿತ್ತು.

"ಹಾಗಾದ್ರೆ ಯಾಕೆ ಕಟ್ಟಿದ್ರಿ?" ಎಂದೆ ನಾನು, ಮೆಲ್ಲಗೆ.

"ಅಪ್ಪ, ಬೇಡ," ಎಂದರು ಪುಡಿ ಮೇಡಂ.

ಮಗಳು ತನ್ನನ್ನು ಉಳಿಸಲು ತಡೆಯುತ್ತಿದ್ದಾಳೆ ಎಂದೇ ಅವರು ತಿಳಿದರೆಂದು ಕಾಣುತ್ತದೆ. ಮಗಳ ತಲೆಯ ಮೇಲೆ ಕೈಯಿಟ್ಟು ಹೆಮ್ಮೆಯಿಂದಲೇ ಹೇಳಿದರು.

"ಮಕ್ಕಳು ಉಳಿದಿದ್ದು ನನ್ನಿಂದ ಅಲ್ಲಮ್ಮ, ಇವಳಿಂದ. ರಜೆಯ ಹಿಂದಿನ ದಿನ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ್ಲು. ರಜೆ ಮುಗಿದ ದಿನ ಪಾಪುನ ಶಿಶುವಿಹಾರಕ್ಕೆ ಬಿಡಬೇಡಿ ಅಂದ್ಲು. ಯಾಕೆ ಅಂದೆ, ಹೇಳ್ಲಿಲ್ಲ. ಅನ್ನಾನೂ ಸರಿಯಾಗಿ ತಿನ್ಲಿಲ್ಲ. ಅಲ್ಲಿ ಮಲಗೋದು ನಮ್ಮ ಪಾಪು ಒಂದೇ ಅಲ್ಲವಲ್ಲ. ಮಗಳ ಕಲ್ಲಿನ ಮೇಲೆ ನನಗೆ ನಂಬಿಕೆ ಇತ್ತು. ತಂದು ಗೋಡೆಗೆ ಕಟ್ಟಿದೆ."

ನನ್ನ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ನೊರೆ ಪೂರ್ತಿ ಇಳಿದಿತ್ತು. ಯಾರೂ ನಂಬದ ಕಲ್ಲನ್ನು ನಂಬಿಸಲು, ಅವತ್ತೊಂದು ದಿನ ಚೀಲ ಬಿಚ್ಚದೆ ಹಲಗೆಯನ್ನೇ ನೋಡಿ ಕಡ್ಡಿ ಗೀರಿದ್ದು ಯಾರೆಂದು ನನಗೆ ಹೊಳೆಯತೊಡಗಿತು.

"ಅವತ್ತು ಪಾಪುಗೆ ಹಣೆ ಬೆಚ್ಚಗಿತ್ತಾ, ಮೇಸ್ತ್ರಿಗಳೇ?"

"ಹಣೆನಾ?" ಎಂದರು ಅವರು. ಮಗಳ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ಇಲ್ಲಮ್ಮ. ಮಗು ಚೆನ್ನಾಗೇ ಇತ್ತು."

ಪುಡಿ ಮೇಡಂ ತಲೆಯ ಮೇಲಿದ್ದ ಅಪ್ಪನ ಕೈಯನ್ನು ಮೆಲ್ಲನೆ ಕೆಳಗಿಳಿಸಿದರು.